ಎಂಜಿನ್ ಕೊಳ್ಳಬೇಡಿ, ಕಾರು ಕೊಳ್ಳಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಕಿಟ್ ಕಾರು ಇರಲಿಲ್ಲ. ಇದ್ದಿದ್ದರೆ ಗಾದೆಗೆ ಮೂರನೆಯ ತುಂಡೊಂದು ಖಂಡಿತ ಸೇರುತ್ತಿತ್ತು. ನಮ್ಮ ಶಾಲೆಯ ಹಿರಿಯ ತರಗತಿಯ ಮಕ್ಕಳೂ ಕೆಲವು ಪೋಷಕರೂ ಕೂಡಿ ಲೋಟಸ್ ಸೆವೆನ್ ಮಾದರಿಯ ಕಾರೊಂದನ್ನು ಕೈಯಾರೆ ಜೋಡಿಸಲು ಹೊರಟಿರುವ ಸುದ್ದಿ ಓದುಗರಲ್ಲಿ ಹಲವರಿಗೆ ಗೊತ್ತೇ ಇದೆ. ಗ್ಯಾರೇಜು ಸಿಕ್ಕಿದೆ. ಚಾಸಿಸ್ಸಿಗೆ ಬೇಕಾದ ಹಣವೂ ಹೆಚ್ಚುಕಡಿಮೆ ಕೂಡಿದೆ. ಆದರೆ ಎಂಜಿನ್ ಯಾವುದು ಎಂಬ ಒಂದೇ ಪ್ರಶ್ನೆಯಲ್ಲಿ ಕೆಲಸ ತಿಂಗಳುಗಟ್ಟಲೆ ನಿಂತುಬಿಟ್ಟಿದೆ.

ಶನಿವಾರ ತರಗತಿ ಮುಗಿಯುವುದನ್ನು ಕಾಯುತ್ತ ಕಾರಿಡಾರಿನಲ್ಲಿ ಚಹಾ ಕುಡಿಯುವ ನಮ್ಮಲ್ಲಿ ಈಗ ನಾಲ್ಕು ಪಕ್ಷಗಳಾಗಿವೆ. ಅಪ್ಪಂದಿರಲ್ಲಿ ಒಂದು ಗುಂಪಿಗೆ ವಿ8 ಎಂಜಿನ್ನೇ ಆಗಬೇಕು, ಅದರ ಗುಡುಗಿನ ಸದ್ದು ಕೇಳಬೇಕು. ಮಕ್ಕಳಲ್ಲಿ ಹೆಚ್ಚಿನವರು ಮೋಟರ್ ಸೈಕಲ್ಲಿನ ಎಂಜಿನ್ ಕೂರಿಸೋಣ ಎನ್ನುತ್ತಾರೆ. ಹಳೆಯ ಕಾರುಗಳ ಬಗ್ಗೆ ಓದಿಕೊಂಡ ಇಬ್ಬರು ಮೂವರು, ಪ್ರತಿಕೃತಿ ಎಂದಮೇಲೆ ಅರವತ್ತರ ದಶಕದ ಫೋರ್ಡ್ ಎಂಜಿನ್ ಬಿಟ್ಟು ಬೇರೆಯದು ಹಾಕಿದರೆ ಅದು ವೇಷವಷ್ಟೇ ಎಂದು ವಾದಿಸುತ್ತಾರೆ. ಇನ್ನು ಕೆಲವರು, ಈ ಕಾಲದಲ್ಲಿ ಪೆಟ್ರೋಲೇಕೆ, ವಿದ್ಯುತ್ ಮೋಟಾರು ಹಾಕಿ ಎನ್ನುತ್ತಾರೆ. ನಾಲ್ಕು ಕಡೆಯೂ ಒಂದಿಷ್ಟು ಸತ್ಯವಿದೆ. ಆದರೂ ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ. ಬಿಡಿ ಎಂಜಿನ್ ಹುಡುಕುವುದನ್ನೇ ಬಿಟ್ಟು, ತಳ ತುಕ್ಕು ಹಿಡಿದ, ಆದರೆ ಇನ್ನೂ ಓಡುತ್ತಿರುವ ಒಂದು ಹಳೆಯ ಮಾಜ್ದಾ ಎಂಎಕ್ಸ್-5 ಕಾರನ್ನು ಇಡಿಯಾಗಿ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಈ ಕಾರಿನ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಲೋಟಸ್ ಸೆವೆನ್ 1957ರಲ್ಲಿ ಬಂದದ್ದು. ಅದನ್ನು ರೂಪಿಸಿದವರು ಕಾಲಿನ್ ಚಾಪ್ಮನ್. ಉಕ್ಕಿನ ಕೊಳವೆಗಳ ಹಂದರ, ಮೇಲೆ ಅಲ್ಯುಮಿನಿಯಂ ತಗಡು, ಎರಡು ಸೀಟು, ಬಾಗಿಲೇ ಇಲ್ಲ. ಇಡೀ ಕಾರಿನ ತೂಕ ಅರ್ಧ ಟನ್ನಿನ ಆಸುಪಾಸು. ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಭಾರಿ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. ಆದ್ದರಿಂದ ಜನ ಪೆಟ್ಟಿಗೆಗಳಲ್ಲಿ ಕಾರು ತಂದು ಮನೆಯಲ್ಲೇ ಜೋಡಿಸಿಕೊಂಡರು. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಹೋಯಿತು. ಅದೇ ವರ್ಷ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಗಿ, ಇಂದಿಗೂ ಅಲ್ಲಿ ಸೆವೆನ್ ತಯಾರಾಗುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು ಕೇವಲ 250 ಪೌಂಡಿನಲ್ಲಿ ಇಂಥ ಕಾರು ಕಟ್ಟುವುದು ಹೇಗೆ ಎಂದು ಪುಸ್ತಕವನ್ನೇ ಬರೆದರು. ಅದನ್ನು ಓದಿ ಹಳೆಯ ಫೋರ್ಡ್ ಎಸ್ಕಾರ್ಟುಗಳನ್ನು ಬಿಚ್ಚಿ ಕಾರು ಕಟ್ಟಿದವರು ಈ ದೇಶದ ಊರೂರಲ್ಲೂ ಇದ್ದಾರೆ. 250 ಪೌಂಡಿನ ಮಾತು ಈಗ ನಡೆಯುವುದಿಲ್ಲ, ಅದು ಬೇರೆ ವಿಷಯ.

ಪ್ರತಿಕೃತಿಯ ನಿಷ್ಠೆಯ ಬಗ್ಗೆ ಮಾತನಾಡುವ ಗೆಳೆಯರಿಗೆ ಮೊದಲು ಉತ್ತರ ಹೇಳಬೇಕು. ಸೆವೆನ್ ಕಾರಿನ ‘ನಿಜವಾದ’ ಎಂಜಿನ್ ಯಾವುದು? ಮೊದಮೊದಲಿನ ಕಾರುಗಳಲ್ಲಿ ಇದ್ದದ್ದು ಫೋರ್ಡಿನ 1172 ಸಿಸಿ ಸೈಡ್ ವಾಲ್ವ್ ಎಂಜಿನ್, ಸುಮಾರು 40 ಅಶ್ವಶಕ್ತಿಯದು. ಗುಮಾಸ್ತರೂ ಮೇಷ್ಟರೂ ಓಡಿಸುತ್ತಿದ್ದ ಸಾಧಾರಣ ಫೋರ್ಡ್ ಕಾರಿನದೇ ಎಂಜಿನ್. ಹಣವುಳ್ಳವರಿಗೆ ಕವೆಂಟ್ರಿ ಕ್ಲೈಮ್ಯಾಕ್ಸ್ ಇತ್ತು. ಬಿಎಂಸಿ ಕಂಪನಿಯ ಎ-ಸೀರೀಸ್ ಹಾಕಿದ್ದೂ ಉಂಟು, ಅದು ಮಾರಿಸ್ ಮೈನರಿನ ಎಂಜಿನ್. ಈಗ ನಮ್ಮವರು ಪೂಜಿಸುವ ಫೋರ್ಡ್ ಕೆಂಟ್ ಕ್ರಾಸ್‌ಫ್ಲೋ ಬಂದದ್ದು ಹತ್ತು ವರ್ಷ ಕಳೆದ ಮೇಲೆ. ಕೇಟರ್‌ಹ್ಯಾಮಿನ ಕಾಲದಲ್ಲಿ ವಾಕ್ಸ್‌ಹಾಲ್ ಬಂತು, ರೋವರ್ ಬಂತು, ಮತ್ತೆ ಫೋರ್ಡ್ ಬಂತು. 2021ರಲ್ಲಿ ಬಂದ ಸೆವೆನ್ 170ರಲ್ಲಿ ಇರುವುದು ಜಪಾನಿನ ಪುಟ್ಟ ಕಾರುಗಳ ಸುಜುಕಿ ಎಂಜಿನ್, ಬರೀ 660 ಸಿಸಿ. ನಮ್ಮೂರಿನ ಮಾರುತಿ 800 ಕಾರಿನ 796 ಸಿಸಿಗಿಂತಲೂ ಚಿಕ್ಕದು! ಟರ್ಬೊ ಇರುವುದರಿಂದ 84 ಅಶ್ವಶಕ್ತಿ ಕೊಡುತ್ತದೆ. ಕಾರಿನ ತೂಕ 440 ಕಿಲೋ. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಅದಕ್ಕೆ ಏಳು ಸೆಕೆಂಡು ಸಾಕು.

ಅಂದರೆ ಸೆವೆನ್ ಕಾರಿಗೆ ತನ್ನದೇ ಎಂಬ ಎಂಜಿನ್ ಎಂದೂ ಇರಲೇ ಇಲ್ಲ. ಆಯಾ ಕಾಲದಲ್ಲಿ ಬೀದಿಯಲ್ಲಿ ಧಾರಾಳವಾಗಿ ಸಿಗುವ, ಮೆಕ್ಯಾನಿಕ್ಕಿಗೆ ಕೈಪರಿಚಯವಿರುವ ಎಂಜಿನ್ ತಂದು ಹಗುರ ಹಂದರದಲ್ಲಿ ಕೂರಿಸುವುದೇ ಅದರ ಪರಂಪರೆ. ಭಾರತದಲ್ಲಿಯೂ ಚಿಂಕಾರಾ ಎಂಬ ಕಂಪನಿ ಇದೇ ಮಾದರಿಯ ರೋಡ್‌ಸ್ಟರ್ ಮಾಡಿದಾಗ ಅದಕ್ಕೆ ಇಸುಜು 1.8 ಲೀಟರ್ ಎಂಜಿನ್ ಹಾಕಿತು. ಅಂಬಾಸಿಡರ್ ಟ್ಯಾಕ್ಸಿಯಲ್ಲಿ ಕೂತವರಿಗೆ ಆ ಹೆಸರು ನೆನಪಿರಬಹುದು. ಇಂಗ್ಲೆಂಡಿನ ಸೆವೆನ್‌ಗೆ ಫೋರ್ಡ್ ಹೇಗೋ ಅಲ್ಲಿ ಅಂಬಾಸಿಡರಿನ ಎಂಜಿನ್ ಹಾಗೆ.

ವಿ8 ಪಕ್ಷದವರ ಆಸೆ ನನಗೆ ಅರ್ಥವಾಗದ್ದೇನಲ್ಲ. ಆ ಸದ್ದಿಗೆ ಮನಸೋಲದವರು ಯಾರು? ಅವರು ಕೊಡುವ ಉದಾಹರಣೆ ಕೋಬ್ರಾ ಕಾರಿನದು, ಅದನ್ನೇ ನೋಡೋಣ. ಇಂಗ್ಲೆಂಡಿನ ಎಸಿ ಕಂಪನಿಯ ಏಸ್ ಎಂಬ ನಾಜೂಕಾದ ಕಾರಿನಲ್ಲಿ ಎರಡು ಲೀಟರಿನ ಬ್ರಿಸ್ಟಲ್ ಎಂಜಿನ್ ಇತ್ತು. ಅದರ ಪೂರೈಕೆ ನಿಲ್ಲುವ ಹೊತ್ತಿಗೆ ಅಮೆರಿಕದ ಕ್ಯಾರಲ್ ಶೆಲ್ಬಿ ಫೋರ್ಡ್ ವಿ8 ಎಂಜಿನ್ ಹಾಕುವ ಯೋಜನೆ ತಂದರು, 1962ರಲ್ಲಿ ಕೋಬ್ರಾ ಹುಟ್ಟಿತು. ಅಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ಮುಂದಿನ ಭಾಗ ನಮಗೆ ಮುಖ್ಯ. 1965ರಲ್ಲಿ ಏಳು ಲೀಟರಿನ 427 ಎಂಜಿನ್ ಕೂರಿಸುವಾಗ ಹಳೆಯ ಚಾಸಿಸ್ ಅದನ್ನು ತಡೆಯಲಾರದಾಯಿತು. ಮೂರು ಅಂಗುಲದ ಮುಖ್ಯ ಕೊಳವೆಗಳ ಜಾಗಕ್ಕೆ ನಾಲ್ಕು ಅಂಗುಲದವು ಬಂದವು, ಎಲೆ ಸ್ಪ್ರಿಂಗು ಹೋಗಿ ಕಾಯಿಲ್ ಸ್ಪ್ರಿಂಗು ಬಂತು, ಮೈಯೂ ಅಗಲವಾಯಿತು. ಎಂಜಿನ್ ದೊಡ್ಡದು ಮಾಡಲು ಹೋಗಿ ಕಾರನ್ನೇ ಮತ್ತೆ ಕಟ್ಟಬೇಕಾಯಿತು. ಅವರ ಹತ್ತಿರ ಕಾರ್ಖಾನೆ ಇತ್ತು, ಎಂಜಿನಿಯರುಗಳಿದ್ದರು. ನಮ್ಮ ಹತ್ತಿರ ಇರುವುದು ಒಂದು ಗ್ಯಾರೇಜು, ಎರಡು ಜಾಕು.

ಇನ್ನೊಂದು ತಮಾಷೆಯ ಉದಾಹರಣೆ 1964ರ ಸನ್‌ಬೀಮ್ ಟೈಗರ್. ಆಲ್ಪೈನ್ ಎಂಬ ಸಣ್ಣ ಕಾರಿನಲ್ಲಿ ಇದೇ ಫೋರ್ಡ್ ವಿ8 ತುರುಕಿದರು. ಜಾಗ ಎಷ್ಟು ಇಕ್ಕಟ್ಟಾಯಿತೆಂದರೆ ಒಂದು ಸ್ಪಾರ್ಕ್ ಪ್ಲಗ್ ಬದಲಿಸಲು ಕಾರಿನ ಒಳಗಿನಿಂದ, ಎಂಜಿನ್ ಹಿಂದಿನ ತಗಡು ಗೋಡೆಯಲ್ಲಿ ಕೊರೆದ ರಂಧ್ರದ ಮೂಲಕ ಕೈ ಹಾಕಬೇಕಿತ್ತು. ಇಲ್ಲಿ ಸಿಗುವ ರೋವರ್ ವಿ8 ಅಲ್ಯುಮಿನಿಯಂ ಆದ್ದರಿಂದ ಹಗುರ ಎನ್ನುವುದು ನಿಜ. ಮಾರ್ಗನ್ ಪ್ಲಸ್ 8 ಅದರಿಂದಲೇ ಹೆಸರು ಮಾಡಿತು. ಆದರೂ ಅದರ ಅಗಲ, ಎರಡೂ ಪಕ್ಕಕ್ಕೆ ಚಾಚುವ ಎಕ್ಸಾಸ್ಟ್, ಅದಕ್ಕೊಪ್ಪುವ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು, ಬ್ರೇಕು ಎಲ್ಲವೂ ಜೊತೆಗೇ ಬರುತ್ತವೆ. ಒಂದು ವಿ8 ತಂದರೆ ಅದರ ಸಂಸಾರವನ್ನೇ ಸಾಕಬೇಕು.

ಇಲ್ಲಿ ಮಕ್ಕಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಮೊದಲ ತಲೆಮಾರಿನ ಎಂಎಕ್ಸ್-5 ಕಾರಿನ 1.6 ಲೀಟರ್ ಎಂಜಿನ್ನಿನ ಶಕ್ತಿ ಸುಮಾರು 115 ಅಶ್ವಶಕ್ತಿ, ಕಾರಿನ ತೂಕ ಸುಮಾರು 950 ಕಿಲೋ. ಅಂದರೆ ಟನ್ನಿಗೆ 121 ಅಶ್ವಶಕ್ತಿ. ಅದೇ ಎಂಜಿನ್ 600 ಕಿಲೋ ತೂಗುವ ಸೆವೆನ್ ಮಾದರಿಯ ಕಾರಿಗೆ ಬಂದರೆ ಟನ್ನಿಗೆ 190 ದಾಟುತ್ತದೆ. ಎಂಜಿನ್ನಿಗೆ ಒಂದು ಬೋಲ್ಟನ್ನೂ ಮುಟ್ಟದೆ, ಒಂದು ಪೆನ್ನಿಯನ್ನೂ ಖರ್ಚು ಮಾಡದೆ ಇಷ್ಟು ಲಾಭ. 17 ತುಂಬಿ ಲೈಸೆನ್ಸ್ ಪಡೆದ ಹುಡುಗ ಹುಡುಗಿಯರು ಮಳೆಯಲ್ಲಿ ಓಡಿಸುವ, ಎಬಿಎಸ್ ಇಲ್ಲದ, ಏರ್‌ಬ್ಯಾಗ್ ಇಲ್ಲದ, ಬಾಗಿಲೇ ಇಲ್ಲದ ಕಾರಿಗೆ ಇದಕ್ಕಿಂತ ಹೆಚ್ಚು ಏಕೆ ಬೇಕು ಎಂದು ನಾನು ಕೇಳುತ್ತೇನೆ. ವಿಮೆ ಕಂಪನಿಯವರೂ ಅದನ್ನೇ ಕೇಳುತ್ತಾರೆ, ಸ್ವಲ್ಪ ಗಡುಸಾಗಿ.

ಮೋಟರ್ ಸೈಕಲ್ ಎಂಜಿನ್ ಬಯಸುವ ಮಕ್ಕಳ ವಾದ ಇದಕ್ಕಿಂತ ಜಾಣತನದ್ದು. ಸುಜುಕಿ ಹಯಬೂಸಾದ 1.3 ಲೀಟರ್ ಎಂಜಿನ್ 170ಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತದೆ, ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗಂಟಿನಲ್ಲಿ ಸಿಗುತ್ತವೆ, ತೂಕವೂ ಕಡಿಮೆ. ಹಗುರವೇ ಸೆವೆನ್ ಧರ್ಮವೆಂದ ಮೇಲೆ ಇದಕ್ಕೇನು ಅಡ್ಡಿ ಎಂದು ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಶಕ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಹತ್ತಿರ ತಿರುಗಿದಾಗ. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ, ಏರಿನಲ್ಲಿ ಇಬ್ಬರನ್ನು ಹೊತ್ತು ಹತ್ತುವಾಗ, ಬೈಕಿನ ತೂಕಕ್ಕೆಂದು ಮಾಡಿದ ಕ್ಲಚ್ಚು ಎರಡು ಪಟ್ಟು ಭಾರ ಎಳೆಯಬೇಕು. ರಿವರ್ಸ್ ಗೇರು ಸಾಮಾನ್ಯವಾಗಿ ಇರುವುದಿಲ್ಲ, ಬೇರೆಯಾಗಿ ಜೋಡಿಸಬೇಕು. ಇದಕ್ಕಿಂತ ಸ್ವಾರಸ್ಯಕರ ತೊಂದರೆ ಎಣ್ಣೆಯದು. ಬೈಕು ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಅದರ ಎಂಜಿನ್ ಆಯಿಲ್ ತಳದಲ್ಲೇ ಉಳಿಯುತ್ತದೆ. ಕಾರು ವಾಲುವುದಿಲ್ಲ. ತಿರುವಿನಲ್ಲಿ ಆಯಿಲೆಲ್ಲ ಒಂದು ಪಕ್ಕಕ್ಕೆ ಸರಿದು, ಪಂಪಿನ ಬಾಯಿಗೆ ಗಾಳಿ ಸಿಕ್ಕರೆ, ಬೇರಿಂಗು ಒಣಗಿ ಎಂಜಿನ್ ಕ್ಷಣದಲ್ಲಿ ಹಾಳಾಗಬಹುದು. ತಟ್ಟೆಯಲ್ಲಿ ನೀರು ಹಾಕಿಕೊಂಡು ಬೇಗ ತಿರುಗಿ ನೋಡಿದರೆ ಇದು ಯಾರಿಗಾದರೂ ತಿಳಿಯುತ್ತದೆ. ಇದಕ್ಕೆಲ್ಲ ಪರಿಹಾರಗಳಿವೆ, ಮಾಡಿದವರೂ ಇದ್ದಾರೆ. ಎರಡನೆಯ ಕಾರು ಕಟ್ಟುವವರಿಗೆ ಅದು ಚೆನ್ನ.

ಕ್ರಾಸ್‌ಫ್ಲೋ ಎಂಜಿನ್ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ. ಎರಡು ವೆಬರ್ ಕಾರ್ಬ್ಯುರೇಟರ್ ಇಟ್ಟು ಅದು ಉಸಿರೆಳೆಯುವುದನ್ನು ಕೇಳುವುದೇ ಒಂದು ಸೊಗಸು. ಆದರೆ ಅದು ಈಗ ಬೀದಿಯ ಎಂಜಿನ್ ಅಲ್ಲ, ಸಂಗ್ರಾಹಕರ ಎಂಜಿನ್. ಒಂದಾನೊಂದು ಕಾಲದಲ್ಲಿ ಕಿಟ್ ಕಾರುಗಳಿಗೆ ಕಾಮಧೇನುವಾಗಿದ್ದ ಫೋರ್ಡ್ ಸಿಯೆರಾ ಕೂಡ 1993ರಲ್ಲೇ ನಿಂತಿತು, ಈಗ ರಸ್ತೆಯಲ್ಲಿ ಕಾಣುವುದೇ ಅಪರೂಪ.

ವಿದ್ಯುತ್ ಮೋಟಾರಿನ ಸಲಹೆ ಕೊಟ್ಟವರ ಕಾಳಜಿಗೆ ನನ್ನ ಗೌರವವಿದೆ. ಮುಂದಿನ ತಲೆಮಾರಿನ ಮಕ್ಕಳು ಕಲಿಯಬೇಕಾದದ್ದು ಅದೇ ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ಹಳೆಯ ನಿಸಾನ್ ಲೀಫ್ ಕಾರಿನ ಮೊದಲ 24 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯೇ 300 ಕಿಲೋಗ್ರಾಮಿನ ಹತ್ತಿರ ತೂಗುತ್ತದೆ, ಸೆವೆನ್ ಕಾರಿನ ಅರ್ಧಕ್ಕೂ ಹೆಚ್ಚು. ಅದನ್ನು ಬಿಚ್ಚಿ ಹಂದರದ ಸಂದುಗಳಲ್ಲಿ ಹಂಚಿ ಕೂರಿಸುವುದೆಂದರೆ 300 ವೋಲ್ಟಿಗೂ ಮೀರಿದ ವಿದ್ಯುತ್ತಿನ ಜೊತೆ ಕೆಲಸ. ಅದಕ್ಕೆ ತರಬೇತಿ ಪಡೆದವರು ನಮ್ಮ ಪೋಷಕರಲ್ಲಿ ಯಾರೂ ಇಲ್ಲ. ಪೆಟ್ರೋಲ್ ಎಂಜಿನ್ ತಪ್ಪಾಗಿ ಜೋಡಿಸಿದರೆ ಬಹುಮಟ್ಟಿಗೆ ಅದು ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ. ಹೈ ವೋಲ್ಟೇಜ್ ಬ್ಯಾಟರಿ ಆ ಅವಕಾಶ ಕೊಡುವುದಿಲ್ಲ.

ಇನ್ನು, ಹಳೆಯ ಕಾರು ಒಡೆಯುವ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಫೋರ್ಡ್ ಜೆಟೆಕ್‌ನಂಥ ಬಿಡಿ ಎಂಜಿನ್ ಏಕಾಗಬಾರದು ಎಂದು ಕೇಳುವವರಿದ್ದಾರೆ. ಗಟ್ಟಿಮುಟ್ಟಾದ ಎಂಜಿನ್ನೇ, ಸಂದೇಹವಿಲ್ಲ. ಆದರೆ ಫೋಕಸ್, ಮೊಂಡಿಯೋ ಕಾರುಗಳಲ್ಲಿ ಅದು ಅಡ್ಡಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಸೆವೆನ್‌ನಲ್ಲಿ ಉದ್ದುದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸಬೇಕು. ಹಾಗೆ ತಿರುಗಿಸಿ ಕೂರಿಸಲು ಬೇರೆ ಗೇರ್‌ಬಾಕ್ಸ್, ಅದನ್ನು ಎಂಜಿನ್ನಿಗೆ ಸೇರಿಸುವ ಬೇರೆ ಬೆಲ್ ಹೌಸಿಂಗ್, ನೆಲಕ್ಕೆ ತಾಗದಂತೆ ಗಿಡ್ಡ ಮಾಡಿದ ಸಂಪು, ನೀರಿನ ಕೊಳವೆಗಳ ಹೊಸ ದಾರಿ, ಬೇರೆ ಇಸಿಯು, ವೈರಿಂಗು ಎಲ್ಲವೂ ಬೇಕು. ಎಂಜಿನ್ ಅಗ್ಗ, ಅದರ ಸುತ್ತಲಿನದು ದುಬಾರಿ. ಮೇಲಾಗಿ ಹಲಗೆಯ ಮೇಲೆ ಮಲಗಿರುವ ಎಂಜಿನ್ ಸದ್ದು ಹೇಗಿದೆ ಎಂದು ಯಾರಿಗೆ ಗೊತ್ತು? ಮಾರುವವನ ಮಾತೇ ಪ್ರಮಾಣ.

ಈಗ ಎಂಎಕ್ಸ್-5 ಕಾರನ್ನು ನೋಡಿ. 1989ರಲ್ಲಿ ಬಂದ ಈ ಕಾರಿನ ಎಂಜಿನ್ ಮೊದಲಿನಿಂದಲೂ ಉದ್ದುದ್ದಕ್ಕೇ ಕೂತಿದೆ, ಹಿಂದಿನ ಚಕ್ರವನ್ನೇ ತಿರುಗಿಸುತ್ತದೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕ್, ಸ್ಟೀರಿಂಗ್, ಇಸಿಯು, ವೈರಿಂಗ್ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಹುಟ್ಟಿದವು. ಇವನ್ನೇ ಬಳಸುವಂತೆ ರೂಪಿಸಿದ ಸೆವೆನ್ ಮಾದರಿಯ ಚಾಸಿಸ್ಸುಗಳು ಇಲ್ಲಿ ಸಿಗುತ್ತವೆ. ಹೀಗೆ ಅಂಗಾಂಗ ಕೊಡುವ ಹಳೆಯ ಕಾರಿಗೆ ಇಲ್ಲಿಯವರು ಡೋನರ್ ಎನ್ನುತ್ತಾರೆ. ಈ ಕಾರಿನ ದೊಡ್ಡ ರೋಗ ತುಕ್ಕು, ಅದರಲ್ಲೂ ಬಾಗಿಲ ಕೆಳಗಿನ ಸಿಲ್ ಎಂಬ ಭಾಗದಲ್ಲಿ. ಎಂಜಿನ್ ಇನ್ನೂ ಲಕ್ಷ ಮೈಲಿ ಓಡುವಂತಿದ್ದರೂ ತಳ ಕರಗಿ ಎಂಒಟಿ ಪರೀಕ್ಷೆಯಲ್ಲಿ ನಪಾಸಾಗುವ ಕಾರುಗಳು ಇವೆ. ನಮಗೆ ಬೇಕಾದದ್ದು ಅಂಥದ್ದೇ. ಚೆನ್ನಾಗಿ ಉಳಿದಿರುವ ಎಂಎಕ್ಸ್-5 ಒಂದನ್ನು ಒಡೆಯುವುದಕ್ಕೆ ನನ್ನ ವಿರೋಧವಿದೆ. ಅವುಗಳ ಬೆಲೆಯೂ ಏರಿದೆ, ಅವು ಇದ್ದ ಹಾಗೆಯೇ ಸುಂದರ. ನಮಗೆ ಬೇಡವಾದ ಸೀಟು, ಹುಡ್ಡು, ಬಾಗಿಲು, ದೀಪಗಳನ್ನು ಮಾರಿದರೆ ಕೊಟ್ಟ ಹಣದಲ್ಲಿ ಒಂದು ಪಾಲು ಮರಳುತ್ತದೆ.

ಕಾಗದಪತ್ರದ ವಿಷಯವೂ ಸಣ್ಣದಲ್ಲ. ನಾವು ಕಟ್ಟಿದ ಕಾರು ರಸ್ತೆಗೆ ಇಳಿಯುವ ಮೊದಲು ಐವಿಎ ಎಂಬ ಪರೀಕ್ಷೆ ಮುಗಿಸಬೇಕು. ತೆರೆದ ಲೋಹದ ಅಂಚು ಎಷ್ಟು ದುಂಡಗಿರಬೇಕು ಎಂಬುದನ್ನೂ ಅಳತೆ ಕಡ್ಡಿ ಇಟ್ಟು ನೋಡುವ ಪರೀಕ್ಷೆ ಅದು. ಹೊಗೆಯ ಮಿತಿ ನಿಗದಿಯಾಗುವುದು ಎಂಜಿನ್ನಿನ ವಯಸ್ಸಿನ ಮೇಲೆ. ವಯಸ್ಸಿಗೆ ದಾಖಲೆ ಇಲ್ಲದಿದ್ದರೆ ಹೊಸ ಎಂಜಿನ್ ಎಂದೇ ಎಣಿಸಿ ಕಠಿಣ ಮಿತಿ ಹಾಕುತ್ತಾರೆ. ಇಡೀ ಕಾರು ಕೊಂಡರೆ ಅದರ ನೋಂದಣಿ ಪತ್ರ ನಮ್ಮ ಕೈಯಲ್ಲಿರುತ್ತದೆ. ಹೊಸ ಚಾಸಿಸ್ಸಿಗೆ ಒಂದೇ ಹಳೆಯ ಕಾರಿನ ಎರಡು ಮುಖ್ಯ ಭಾಗಗಳು ಬಂದಿವೆ ಎಂದು ತೋರಿಸಿದರೆ ಡಿವಿಎಲ್‌ಎ ಆ ಕಾರಿನ ವಯಸ್ಸಿಗೆ ತಕ್ಕ ನಂಬರು ಕೊಡುತ್ತದೆ. ಇಲ್ಲದಿದ್ದರೆ, ಮೂಲ ತಿಳಿಯದ ವಾಹನಗಳಿಗೆ ಕೊಡುವ ಕ್ಯೂ ಅಕ್ಷರದ ನಂಬರು. ಕೊಳ್ಳುವಾಗಿನ ರಸೀದಿ, ಕಾರು ಬಿಚ್ಚುವ ಮೊದಲಿನ ಫೋಟೋ, ಎಂಜಿನ್ ನಂಬರು ಇವನ್ನೆಲ್ಲ ಒಂದು ಫೈಲಿನಲ್ಲಿಡುವ ಕೆಲಸ ಒಬ್ಬ ವಿದ್ಯಾರ್ಥಿಗೆ ಈಗಲೇ ವಹಿಸಬೇಕು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಈ ದೇಶದ ಜಾಹೀರಾತುಗಳಲ್ಲಿ ‘ಅರ್ಧ ಮುಗಿದ ಕಿಟ್ ಕಾರು ಮಾರಾಟಕ್ಕಿದೆ’ ಎಂಬ ಸಾಲನ್ನು ನೀವೂ ನೋಡಿರಬಹುದು. ಚಾಸಿಸ್ ನಿಂತಿರುತ್ತದೆ, ಎಂಜಿನ್ ಮೂಲೆಯಲ್ಲಿರುತ್ತದೆ, ಎರಡೂ ಸೇರುವ ಕಡೆ ಏನೋ ಒಂದು ಹೊಂದದೆ ವರ್ಷಗಳೇ ಕಳೆದಿರುತ್ತವೆ. ದೊಡ್ಡವರಾದ ನಮಗೆ ಐದು ವರ್ಷ ತಡವಾದರೂ ನಡೆಯುತ್ತದೆ. ಮಕ್ಕಳಿಗೆ ನಡೆಯುವುದಿಲ್ಲ. ಇಂದು ಹದಿನಾರರಲ್ಲಿರುವವರು ಎರಡು ವರ್ಷದಲ್ಲಿ ಯೂನಿವರ್ಸಿಟಿಗೆ ಹೊರಟು ಬೇರೆ ಬೇರೆ ಊರು ಸೇರುತ್ತಾರೆ. ಅಷ್ಟರೊಳಗೆ ಕಾರು ಓಡದಿದ್ದರೆ, ಸ್ಪ್ಯಾನರ್ ಹಿಡಿದು ಗೆಣ್ಣು ತರಚಿಕೊಂಡ ಮಕ್ಕಳಿಗೆ ಅದರಲ್ಲಿ ಕೂರುವ ಭಾಗ್ಯವಿಲ್ಲ, ಅಪ್ಪಂದಿರ ಆಟಿಕೆಯಾಗಿ ಅದು ಉಳಿಯುತ್ತದೆ. ಓಡುವ ಕಾರನ್ನೇ ತಂದರೆ ಮಕ್ಕಳು ಮೊದಲು ಅದರ ಎಂಜಿನ್ ಸದ್ದು ಕೇಳುತ್ತಾರೆ, ಪ್ರತಿ ವೈರಿಗೂ ಚೀಟಿ ಕಟ್ಟಿ ಬಿಚ್ಚುತ್ತಾರೆ, ಅದೇ ವೈರನ್ನು ಮತ್ತೆ ಜೋಡಿಸುತ್ತಾರೆ. ಸ್ಟಾರ್ಟ್ ಆಗದಿದ್ದರೆ ದೋಷ ಜೋಡಣೆಯಲ್ಲಿದೆ, ಎಂಜಿನ್ನಿನಲ್ಲಲ್ಲ ಎಂಬುದಾದರೂ ಖಚಿತ. ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಕೊಳ್ಳಲು ಹೋಗುವಾಗ ಮಕ್ಕಳನ್ನು ಕರೆದುಕೊಂಡೇ ಹೋಗಬೇಕು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಲಿ. ಮೇಲಿನಿಂದ ಬರುವ ಟಿಕ್ ಟಿಕ್ ಸದ್ದು ಟ್ಯಾಪೆಟ್‌ಗಳದ್ದು, ಬಿಸಿಯಾದ ಮೇಲೆ ನಿಂತರೆ ಅದಕ್ಕೆ ಹೆದರಬೇಕಾಗಿಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು ಎಂಬ ಚೀಟಿ ಕೇಳಬೇಕು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆದು ಬರೆದುಕೊಳ್ಳಬೇಕು, ನಾಲ್ಕು ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕು. 1991ಕ್ಕೆ ಮೊದಲಿನ 1.6 ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮುಂದಿನ ಮೂಗು ಗಿಡ್ಡ, ಅಲ್ಲಿ ಸವೆದು ಪುಲ್ಲಿ ಅಲುಗಾಡುವ ದೋಷ ಹೆಸರುವಾಸಿ. ಪುಲ್ಲಿ ಓಲಾಡಿದರೆ ಚೌಕಾಸಿಗೆ ನಿಲ್ಲದೆ ಮನೆಗೆ ಬನ್ನಿ.

1.6 ಬೇಕೋ 1.8 ಬೇಕೋ ಎಂಬ ಜಗಳ ಉಳಿಯುತ್ತದೆ, ಅದನ್ನು ಮಕ್ಕಳಿಗೇ ಬಿಡೋಣ. ನನ್ನ ಓಟು 1.6ಕ್ಕೆ, ವಿಮೆಯ ಕಾರಣಕ್ಕೆ. ಆದರೆ ತಳ ತುಕ್ಕು ಹಿಡಿದ, ಕಾಗದ ಸರಿಯಿರುವ 1.8 ಮೊದಲು ಸಿಕ್ಕರೆ ಅದನ್ನೇ ಕೊಂಡು ತನ್ನಿ, ಬೇಸಿಗೆ ರಜೆ ಶುರುವಾಗುವ ಮೊದಲು.